ಕೊನೆಯ ಸಿನಿಮಾ ಅಂತ ಮೆಚ್ಚಲೇಬೇಕಾ?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯವಳು. ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಮಳೆಗಾಲದಲ್ಲಿ ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲಿ ಸೇರಿ, ಪ್ರೊಜೆಕ್ಟರ್ ಹಾಕಿ, ಒಳ್ಳೆಯ ಸಿನಿಮಾ ನೋಡುತ್ತೇವೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಎಲ್ಲರಿಗೂ ಹಿಡಿಸಿತು. ಕೆಲವರು ಅತ್ತರು. ಆ ಧೈರ್ಯದ ಮೇಲೆ ಅವರ ಕೊನೆಯ ಚಿತ್ರ ‘ಆಗಂತುಕ್’ ಹಾಕಿದೆ. ‘ಬರೀ ಮಾತು, ರೇಡಿಯೋ ನಾಟಕದ ಹಾಗಿದೆ’ ಅಂದರು. ಒಬ್ಬ ಹುಡುಗ ಅರ್ಧಕ್ಕೇ ಮೊಬೈಲ್ ತೆಗೆದ. ನಮ್ಮ ಭಾವ ‘ವಯಸ್ಸಾಯ್ತು, ಕೈ ಹೋಯ್ತು’ ಅಂದುಬಿಟ್ಟರು. ಇಂಟರ್ನೆಟ್‌ನಲ್ಲಿ ನೋಡಿದರೆ ‘ಮಹಾನ್ ನಿರ್ದೇಶಕನ ಉಯಿಲು’ ಅಂತ ಹೊಗಳಿಕೆ. ನಿಜ ಹೇಳಬೇಕೆಂದರೆ ನನಗೂ ಅಲ್ಲಲ್ಲಿ ಬೇಸರ ಬಂತು, ಹೇಳಲು ಸಂಕೋಚ ಅಷ್ಟೆ. ಹಿಡಿಸದಿದ್ದರೆ ಅದು ನಮ್ಮ ತಪ್ಪಾ? ಇಂಥ ಚಿತ್ರಗಳನ್ನು ಹೇಗೆ ನೋಡಬೇಕು? ಮುಂದೆ ಹೀಗೇ ಕೊನೆಯ ಚಿತ್ರಗಳಾದ ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’, ಜಪಾನಿನ ನಿರ್ದೇಶಕ ಕುರೋಸಾವ ಅವರ ‘ಮಾದದಯೊ’ ಹಾಕುವ ಯೋಚನೆ ಇದೆ. ಹಾಕಲಾ, ಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕಳವಳಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು. ಇನ್ನೊಂದು, ದೊಡ್ಡವರ ಕೊನೆಯ ಕೆಲಸವನ್ನು ‘ಹಿಡಿಸಲಿಲ್ಲ’ ಅಂದರೆ ಮರ್ಯಾದೆ ತಪ್ಪಿದಂತಾಗುತ್ತಾ ಅನ್ನುವುದು. ಎರಡನೆಯದನ್ನು ಮೊದಲು ಮುಗಿಸೋಣ. ಇಲ್ಲ, ಆಗುವುದಿಲ್ಲ. ರಸಗ್ರಹಣ ಶಿಬಿರಗಳಲ್ಲಿ ಪಾಠ ಮಾಡುವವನಾಗಿ ಹೇಳುತ್ತೇನೆ, ‘ಬೋರ್ ಆಯ್ತು ಸರ್’ ಅನ್ನುವವರ ಜೊತೆ ಮಾತು ಮುಂದುವರಿಯುತ್ತದೆ. ‘ಅದ್ಭುತ’ ಅಂದು ಕೈಕಟ್ಟಿ ಕೂತವರ ಜೊತೆ ಅಲ್ಲಿಗೇ ನಿಲ್ಲುತ್ತದೆ. ಬೇಸರ ಬಂದದ್ದು ಎಲ್ಲಿ, ಯಾರು ಮಾತಾಡುವಾಗ ಅಂತ ಹುಡುಕಲು ಹೊರಟರೆ ಅದೇ ರಸಗ್ರಹಣ. ಹಾಗಾಗಿ ಸಂಕೋಚ ಬೇಡ.

ಈಗ ಆ ‘ಉಯಿಲು’ ವಿಚಾರ. ಕೊನೆಯ ಚಿತ್ರ ಅಂದ ಕೂಡಲೇ ನಾವು ನಿರ್ದೇಶಕ ಮಂಚದ ಮೇಲಿಂದ ಕೈಯೆತ್ತಿ ಮಾತಾಡುತ್ತಿದ್ದಾನೆ ಅನ್ನುವ ಹಾಗೆ ನೋಡಲು ಶುರುಮಾಡುತ್ತೇವೆ. ಬಹಳ ಸಲ ಇದು ಸುಳ್ಳು. ಕೊನೆಯದು ಅಂತ ನಮಗೆ ಗೊತ್ತು, ಮಾಡಿದವರಿಗೆ ಗೊತ್ತಿರಲಿಲ್ಲ. ರಾಯ್ ‘ಆಗಂತುಕ್’ ಮಾಡಿದ್ದು 1991ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ. ತೀರಿಕೊಂಡದ್ದು 1992ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಮುಂದಿನ ಚಿತ್ರಕಥೆಯನ್ನೂ ಬರೆದಿಟ್ಟಿದ್ದರು. ಅದನ್ನು ಮಗ ಸಂದೀಪ್ ರಾಯ್ ‘ಉತ್ತೋರಣ್’ ಅಂತ ಚಿತ್ರ ಮಾಡಿದರು. ಜಪಾನಿನ ನಿರ್ದೇಶಕ ಓಝು ಕೂಡ ಹಾಗೇ. 1962ರ ಚಿತ್ರ ಅವರ ಕೊನೆಯದಾಯಿತು, ಆದರೆ ಅವರು ಮುಂದಿನದರ ತಯಾರಿಯಲ್ಲಿದ್ದರು. 1963ರ ಡಿಸೆಂಬರ್ 12ರಂದು, ತಮ್ಮ ಅರವತ್ತನೇ ಹುಟ್ಟುಹಬ್ಬದ ದಿನವೇ, ತೀರಿಕೊಂಡರು. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ ಕೊನೆಯ ಚಿತ್ರವನ್ನು ಸಾವಿನ ನೆರಳಲ್ಲಿ ತೆಗೆದದ್ದು ಅಂತ ಎಲ್ಲರೂ ಬರೆಯುತ್ತಾರೆ. ಅವರಿಗೆ ಕ್ಯಾನ್ಸರ್ ಇದೆ ಅಂತ ತಿಳಿದದ್ದು ಚಿತ್ರೀಕರಣ ಮುಗಿದ ಮೇಲೆ. ಬರ್ಗ್‌ಮನ್ ಅನ್ನುವ ಸ್ವೀಡನ್ ನಿರ್ದೇಶಕರ ಕಥೆ ಉಲ್ಟಾ. ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ ಸಿನಿಮಾವೇ ನನ್ನ ಕೊನೆಯದು ಅಂತ 1982ರಲ್ಲಿ ಘೋಷಿಸಿದವರು ಆಮೇಲೂ ಟಿವಿಗೆ ಚಿತ್ರ ಮಾಡುತ್ತಲೇ ಇದ್ದರು. 2003ರವರೆಗೂ!

ಹಾಗಾಗಿ ‘ಆಗಂತುಕ್’ ಅನ್ನು ಉಯಿಲು ಅಂತ ನೋಡಿದರೆ ಒಂದು ನಷ್ಟ ಇದೆ. ಅದರಲ್ಲಿರುವ ತಮಾಷೆ ಕಾಣುವುದಿಲ್ಲ. ಸೋದರಮಾವ ಅಂತ ಹೇಳಿಕೊಂಡು ಅಪರಿಚಿತನೊಬ್ಬ ಮನೆಗೆ ಬರುತ್ತಾನೆ, ಅವನು ನಿಜವಾದವನೋ ಅಂತ ಮನೆಯವರಿಗೆ ಅನುಮಾನ, ಕಥೆ ಅಷ್ಟೆ. ಅದರಲ್ಲಿ ರಬಿ ಘೋಷ್ ಮಾಡಿದ ಆ ನಟನ ಪಾತ್ರ ನೆನಪಿದೆಯಾ? ಅತಿಥಿಯನ್ನು ಪರೀಕ್ಷೆ ಮಾಡಲು ಬಂದು, ತಾನೇ ಪೆಚ್ಚಾಗಿ ಕೂರುವವನು. ಆ ದೃಶ್ಯಕ್ಕೆ ನಿಮ್ಮ ಹಾಲ್‌ನಲ್ಲಿ ಯಾರೂ ನಗಲಿಲ್ಲ ಅಂದರೆ, ಎಲ್ಲರೂ ಭಕ್ತಿಯಿಂದ ಕೂತಿದ್ದರು ಅಂತಲೇ ನನ್ನ ಅನುಮಾನ.

ಇನ್ನು ನಿಮ್ಮ ಭಾವನವರ ಮಾತು. ‘ವಯಸ್ಸಾಯ್ತು, ಕೈ ಹೋಯ್ತು.’ ಇದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವಯಸ್ಸು, ಕಾಯಿಲೆ ಎರಡೂ ಸಿನಿಮಾದ ಮೇಲೆ ಪರಿಣಾಮ ಮಾಡೇ ಮಾಡುತ್ತವೆ. ಸಿನಿಮಾ ಅನ್ನೋದು ಮೈಮುರಿಯುವ ಕೆಲಸ. ಕವಿ ಹಾಸಿಗೆಯಲ್ಲಿ ಮಲಗಿ ಬರೆಯಬಹುದು. ನಿರ್ದೇಶಕ ಬಿಸಿಲಲ್ಲಿ ನಿಲ್ಲಬೇಕು.

‘ಪಥೇರ್ ಪಾಂಚಾಲಿ’ಯ ರೈಲಿನ ದೃಶ್ಯ ತೆಗೆದುಕೊಳ್ಳಿ. ಬಿಳಿ ಹೂವಿನ ಹುಲ್ಲುಗಾವಲಿನಲ್ಲಿ ಅಕ್ಕ ತಮ್ಮ ಓಡುವುದು. ಮೊದಲ ದಿನ ಸ್ವಲ್ಪ ಭಾಗ ತೆಗೆದು, ಮತ್ತೆ ಹೋಗುವಷ್ಟರಲ್ಲಿ ದನಗಳು ಹೂವನ್ನೆಲ್ಲ ಮೇಯ್ದಿದ್ದವು. ರಾಯ್ ಮುಂದಿನ ವರ್ಷ ಹೂವು ಬಿಡುವವರೆಗೆ ಕಾದರು. ಮೂವತ್ತು ದಾಟಿದ ಯುವಕ, ಕೈಯಲ್ಲಿ ಕಾಸಿಲ್ಲ, ಆದರೆ ಕಾಯುವ ಶಕ್ತಿ ಇತ್ತು. 1983ರಲ್ಲಿ ‘ಘರೇ ಬಾಯಿರೆ’ ಚಿತ್ರೀಕರಣದ ಸಮಯದಲ್ಲಿ ಅವರಿಗೆ ಹೃದಯಾಘಾತವಾಯಿತು. ಆ ಚಿತ್ರ ಮಗನ ನೆರವಿನಿಂದ ಮುಗಿಯಿತು. ಆಮೇಲೆ ಐದು ವರ್ಷ ಕಥಾಚಿತ್ರವನ್ನೇ ಮಾಡಲಿಲ್ಲ. ತಂದೆ ಸುಕುಮಾರ್ ರಾಯ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು, ಅಷ್ಟೆ. ಮತ್ತೆ ಶುರುಮಾಡಿದಾಗ ಹೊರಾಂಗಣದಲ್ಲಿ ಓಡಾಡಬೇಡಿ ಅನ್ನುವುದು ವೈದ್ಯರ ಕಟ್ಟಪ್ಪಣೆ. ವರ್ಷಗಟ್ಟಲೆ ತಾವೇ ಕ್ಯಾಮೆರಾ ಹಿಡಿಯುತ್ತಿದ್ದ ಮನುಷ್ಯ ಅದನ್ನು ಬೇರೆಯವರ ಕೈಗೆ ಕೊಡಬೇಕಾಯಿತು. ಕೊನೆಯ ಮೂರು ಚಿತ್ರಗಳಲ್ಲಿ ಕಥೆ ಹೆಚ್ಚಾಗಿ ಮನೆಯೊಳಗೇ, ಕುರ್ಚಿ ಮೇಜುಗಳ ನಡುವೆಯೇ ನಡೆಯುವುದಕ್ಕೆ ಇದು ದೊಡ್ಡ ಕಾರಣ.

ಭಾವನವರು ಅರ್ಧ ಸರಿ ಅನ್ನುವುದು ಇಲ್ಲಿ. ಆ ಮೂರರಲ್ಲಿ ಮೊದಲನೆಯದು 1989ರ ‘ಗಣಶತ್ರು’, ನಾರ್ವೆಯ ನಾಟಕಕಾರ ಇಬ್ಸೆನ್‌ನ ನಾಟಕ ಆಧರಿಸಿದ್ದು. ನನ್ನ ಮಟ್ಟಿಗೆ ಅದು ಸೆಟೆದುಕೊಂಡ ಚಿತ್ರ. ಜನ ಬರುತ್ತಾರೆ, ಕೂರುತ್ತಾರೆ, ಹೇಳಬೇಕಾದ್ದನ್ನು ಹೇಳಿ ಹೋಗುತ್ತಾರೆ. ಕೋಣೆಯೊಳಗೆ ಕಟ್ಟಿಹಾಕಿದ ಸಿಟ್ಟು ಕಾಣುತ್ತದೆ. ಆದರೆ ‘ಆಗಂತುಕ್’ ಹೊತ್ತಿಗೆ ಅದೇ ಕೋಣೆಯನ್ನು ಅವರು ಪಳಗಿಸಿಕೊಂಡಿದ್ದಾರೆ. ಯಾಕೆಂದರೆ ಈ ಸಲ ಕಥೆಯೇ ಕೋಣೆಗೆ ತಕ್ಕದ್ದು. ಮನೆಗೆ ಒಬ್ಬ ಅಪರಿಚಿತ ಬಂದಿದ್ದಾನೆ. ಅವನು ಯಾರು ಅಂತ ಗೊತ್ತಾಗಬೇಕಾದರೆ ಕೂರಿಸಿ ಮಾತಾಡಿಸುವುದೊಂದೇ ದಾರಿ. ಮಾತು ಇಲ್ಲಿ ಅನಿವಾರ್ಯಕ್ಕೆ ಬಂದು ಸೇರಿದ್ದಲ್ಲ, ಕಥೆ ನಡೆಯುವುದೇ ಮಾತಿನಲ್ಲಿ. ಮೈ ಬಿಡದಿದ್ದಾಗ ತನಗೆ ಏನು ಸಾಧ್ಯವೋ ಅದಕ್ಕೆ ಸರಿಯಾದ ಕಥೆಯನ್ನು ಆರಿಸಿಕೊಳ್ಳುವುದಿದೆಯಲ್ಲ, ಹಿರಿಯ ನಿರ್ದೇಶಕರ ಜಾಣತನ ನಾನು ನೋಡುವುದು ಅಲ್ಲಿ.

ಜಾನ್ ಹ್ಯೂಸ್ಟನ್ ಎಂಬ ಅಮೆರಿಕದ ನಿರ್ದೇಶಕರೂ ಇದನ್ನೇ ಮಾಡಿದರು. ‘ದ ಡೆಡ್’ ಚಿತ್ರವನ್ನು ಎಂಬತ್ತರ ವಯಸ್ಸಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ನಿರ್ದೇಶಿಸಿದರು. ಕಥೆ ನಡೆಯುವುದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅಲ್ಲಿಗೆ ಹೋಗಲು ಆರೋಗ್ಯ ಬಿಡಲಿಲ್ಲ. ಮನೆಯೊಳಗಿನ ಭಾಗವನ್ನೆಲ್ಲ ಕ್ಯಾಲಿಫೋರ್ನಿಯಾದ ಒಂದು ಗೋದಾಮಿನಲ್ಲಿ ತೆಗೆದರು. ಒಂದು ರಾತ್ರಿಯ ಊಟ, ಹಾಡು, ಮಾತು. ಕೈ ಹೋಯ್ತು ಅನ್ನುವವರಿಗೆ ಅದನ್ನು ತೋರಿಸಿ.

ಇಷ್ಟಾದರೂ ನಿಮ್ಮ ಮಂದಿಗೆ ಬೇಸರ ಬಂತಲ್ಲ, ಅದಕ್ಕೆ ನಿರ್ದೇಶಕರಿಗೆ ಸಂಬಂಧವೇ ಇಲ್ಲದ ಒಂದು ಕಾರಣ ಇದೆ ಅಂತ ನನ್ನ ಲೆಕ್ಕ. ಸಬ್‌ಟೈಟಲ್. ‘ಪಥೇರ್ ಪಾಂಚಾಲಿ’ಯಲ್ಲಿ ಮಾತು ಕಡಿಮೆ. ಭಾಷೆ ತಿಳಿಯದಿದ್ದರೂ ಮಳೆ ಮಳೆಯೇ, ಹಸಿವು ಹಸಿವೇ. ‘ಆಗಂತುಕ್’ನಲ್ಲಿ ಎರಡು ಗಂಟೆ ಬಂಗಾಳಿ ಮಾತು. ನೀವೆಲ್ಲ ಎರಡು ಗಂಟೆ ಇಂಗ್ಲಿಷ್ ಓದಿದ್ದೀರಿ. ಸಿನಿಮಾ ನೋಡಲಿಲ್ಲ! ಕಣ್ಣು ಪರದೆಯ ಕೆಳಗೇ ಅಂಟಿಕೊಂಡಿದ್ದರೆ ಮೇಲಿನ ಮುಖಗಳು ತಪ್ಪಿಹೋಗುತ್ತವೆ. ಅತಿಥಿಯ ಪಾತ್ರ ಮಾಡಿದ ಉತ್ಪಲ್ ದತ್ ಅವರ ದನಿಯ ಏರಿಳಿತ, ಕೀಟಲೆ, ಒಮ್ಮೆ ಬರುವ ದಣಿವು, ಇದು ಯಾವುದೂ ಅಕ್ಷರದಲ್ಲಿ ಬರುವುದಿಲ್ಲ. ರೇಡಿಯೋ ನಾಟಕ ಅನಿಸಿದ್ದು ಸಹಜ. ರೇಡಿಯೋದಲ್ಲಾದರೆ ದನಿಯಾದರೂ ಕೇಳುತ್ತಿತ್ತು.

ಹಾಗಾದರೆ ಏನು ನೋಡಬೇಕು? ವಕೀಲ ಗೆಳೆಯ ಬಂದು ಅತಿಥಿಯನ್ನು ಪಾಟೀಸವಾಲಿಗೆ ಒಳಪಡಿಸುವ ಭಾಗವನ್ನು ಇನ್ನೊಮ್ಮೆ ಹಾಕಿ. ಆ ಭಾಗ ಮಾತ್ರ. ಏನು ಹೇಳುತ್ತಾರೆ ಅಂತ ನಿಮಗೀಗ ಗೊತ್ತು, ಓದುವ ಗೋಜಿಲ್ಲ. ಮಾತಾಡುವವರನ್ನು ಬಿಟ್ಟು ಕೇಳುತ್ತಿರುವವರನ್ನು ನೋಡಿ. ಮನೆಯೊಡತಿ ಅನಿಲಾಗೆ ಬಂದ ಅತಿಥಿ ನಿಜವಾಗಿಯೂ ಸೋದರಮಾವ ಆಗಿರಲಿ ಅಂತ ಆಸೆ, ಮೋಸ ಹೋದರೆ ಅಂತ ಹೆದರಿಕೆ. ಗಂಡನಿಗೆ ತಾನು ಕೇಳಲಾಗದ್ದನ್ನು ಗೆಳೆಯನ ಬಾಯಲ್ಲಿ ಕೇಳಿಸುವ ಸೌಕರ್ಯ, ಜೊತೆಗೆ ನಾಚಿಕೆ. ಆ ನಾಚಿಕೆ ಬೆಳೆಯುವುದನ್ನು ಗಮನಿಸಿದರೆ ಸಾಕು, ಚಿತ್ರ ಬೇರೆಯಾಗಿ ಕಾಣುತ್ತದೆ.

ನಿಮ್ಮ ಕಡೆಯವರಿಗೆ ಈ ಕಥೆ ಬೇಗ ಹತ್ತಬೇಕಿತ್ತು ಅನ್ನುವುದು ನನ್ನ ಆಶ್ಚರ್ಯ. ಕಥೆಯನ್ನೊಮ್ಮೆ ಕೊಡಗಿಗೆ ತಂದು ನೋಡಿ. ಮೂವತ್ತೈದು ವರ್ಷದ ಹಿಂದೆ ಮನೆ ಬಿಟ್ಟು ಹೋದವರು ಒಂದು ಕಾಗದ ಬರೆದು, ‘ನಿನ್ನ ತಾಯಿಯ ತಮ್ಮ ನಾನು, ಒಂದು ವಾರ ಉಳಿಯಲು ಬರುತ್ತೇನೆ’ ಅನ್ನುತ್ತಾರೆ. ಮುಖ ಯಾರಿಗೂ ನೆನಪಿಲ್ಲ. ದಾಖಲೆಯಲ್ಲಿ ಒಕ್ಕದ, ಅಂದರೆ ಮನೆತನದ, ಹತ್ತಾರು ಹೆಸರುಗಳಿರುವ ವಂಶಪಾರಂಪರ್ಯದ ಜಮ್ಮಾ ಜಾಗ, ಪಾಲಾಗದ, ಮನೆತನದ ಮೂಲಮನೆಯಾದ ಐನ್‌ಮನೆ ಇರುವ ಊರಲ್ಲಿ ಇಂಥ ಕಾಗದ ಬಂದರೆ ಮೊದಲು ಏಳುವ ಪ್ರಶ್ನೆ ಯಾವುದು? ‘ಊಟಕ್ಕೆ ಏನು ಮಾಡೋಣ’ ಅನ್ನುವುದಾ, ‘ಪಾಲು ಕೇಳಲು ಬಂದಿರಬಹುದಾ’ ಅನ್ನುವುದಾ? ಚಿತ್ರದ ದಂಪತಿಯ ತಲೆಯಲ್ಲೂ ಎರಡೂ ಒಟ್ಟಿಗೇ ಓಡುತ್ತವೆ. ಆಸ್ತಿಯ ಪಾಲು ವಿಷಯ ಕಥೆಯಲ್ಲಿ ಇದ್ದೇ ಇದೆ. ಕೊನೆಯಲ್ಲಿ ಆ ಪಾಲು ಏನಾಗುತ್ತದೆ ಅಂತ ನಿಮಗೆ ಗೊತ್ತು. ಈ ಕೋನದಿಂದ ಚರ್ಚೆ ಶುರುಮಾಡಿ. ‘ಸಿನಿಮಾ ಹೇಗಿತ್ತು’ ಅಂತ ಕೇಳಬೇಡಿ. ‘ನೀವಾಗಿದ್ದರೆ ಬಾಗಿಲು ತೆಗೆಯುತ್ತಿದ್ದಿರಾ’ ಅಂತ ಕೇಳಿ. ಮಾತು ನಿಲ್ಲಿಸುವುದೇ ಕಷ್ಟವಾದೀತು.

ಇನ್ನೊಂದು ವಿಷಯ ಸ್ವಲ್ಪ ಚುಚ್ಚುವಂಥದ್ದು. ವಕೀಲನ ಪಾಟೀಸವಾಲು ನಾಗರಿಕರು ಯಾರು, ಕಾಡಿನವರು ಯಾರು ಅನ್ನುವುದರ ಸುತ್ತ ತಿರುಗುತ್ತದೆ. ಅತಿಥಿ ಬುಡಕಟ್ಟು ಜನರ ನಡುವೆ ಬದುಕಿ ಬಂದವರು. ಅವರ ಉತ್ತರಗಳಿಗೆ ವಕೀಲನಿಗೆ ಸಿಟ್ಟು ಬರುತ್ತದೆ. ಜೇನು ಕುರುಬರ, ಯರವರ ಹಾಡಿಗಳು ಪಕ್ಕದಲ್ಲೇ ಇರುವ, ತೋಟದ ಲೈನ್‌ಮನೆಗಳಿರುವ ಜಿಲ್ಲೆಯಲ್ಲಿ ಕೂತು ಈ ವಾದ ಕೇಳುವುದು ಕಲ್ಕತ್ತೆಯ ಹವಾನಿಯಂತ್ರಿತ ಥಿಯೇಟರಿನಲ್ಲಿ ಕೇಳಿದ ಹಾಗಲ್ಲ. ನಿಮ್ಮ ಹಾಲ್‌ನಲ್ಲಿ ಸ್ವಲ್ಪ ಇರಿಸುಮುರಿಸಾದರೂ ಆಗಲಿ. ಬೇಸರ ಅಂತ ಹೇಳಿದವರಲ್ಲಿ ಒಬ್ಬಿಬ್ಬರಿಗೆ ಆದದ್ದು ಬೇಸರವೋ ಇರಿಸುಮುರಿಸೋ ಅಂತ ನನಗೆ ಸಂಶಯ.

ಅದೇ ಉಸಿರಲ್ಲಿ ಚಿತ್ರದ ದೋಷವನ್ನೂ ಹೇಳಿಬಿಡುತ್ತೇನೆ. ಬುಡಕಟ್ಟಿನವರ ಪರವಾಗಿ ಇಷ್ಟೆಲ್ಲ ಮಾತಾಡುವ ಚಿತ್ರದಲ್ಲಿ ಸಂತಾಲರು ಕಾಣುವುದು ಕೊನೆಯಲ್ಲಿ, ಕುಣಿತಕ್ಕೆ. ಅವರ ಮಾತನ್ನೂ ಅತಿಥಿಯೇ ಆಡುತ್ತಾನೆ. ಅನಿಲಾ ಆ ಸಾಲಿನಲ್ಲಿ ಸೇರಿ ಹೆಜ್ಜೆ ಹಾಕುವುದು ಚೆಂದವೇ, ನನಗೂ ಇಷ್ಟ. ಆದರೂ ಆ ಸಾಲಿನ ಹೆಂಗಸರಲ್ಲಿ ಒಬ್ಬಳಾದರೂ ಬಾಯಿಬಿಡಬಾರದಿತ್ತಾ ಅನಿಸುತ್ತದೆ. ಅತಿಥಿಯ ಪಾತ್ರವೂ ಅಷ್ಟೆ. ಅವನಿಗೆ ಎಲ್ಲ ಗೊತ್ತು. ಗ್ರಹಣದಿಂದ ಹಿಡಿದು ಗುಹಾಚಿತ್ರದವರೆಗೆ. ವಾದದಲ್ಲಿ ಅವನು ಸೋಲುವುದೇ ಇಲ್ಲ. ಎದುರಾಳಿಗೆ ಇನ್ನೂ ಸ್ವಲ್ಪ ಬಲ ಕೊಟ್ಟಿದ್ದರೆ ಚಿತ್ರ ಇನ್ನೂ ಗಟ್ಟಿಯಾಗುತ್ತಿತ್ತು. ಈ ಚಿತ್ರಕ್ಕೆ ಆ ವರ್ಷದ ರಾಷ್ಟ್ರಪ್ರಶಸ್ತಿ ಬಂತು, ನಿರ್ದೇಶನಕ್ಕೂ ಬಂತು. ಬಂದರೇನು, ದೋಷ ದೋಷವೇ. ಮೆಚ್ಚುವುದು ಅಂದರೆ ಕಣ್ಣು ಮುಚ್ಚಿಕೊಳ್ಳುವುದು ಅಂತ ಅಲ್ಲವಲ್ಲ.

ಮುಂದೆ ಇಂಥ ಚಿತ್ರ ಹಾಕುವಾಗ ನಿಮ್ಮ ಮುಂದೆ ಎರಡು ಮೂರು ದಾರಿಗಳಿವೆ. ಯಾವುದೂ ಪುಕ್ಕಟೆ ಅಲ್ಲ.

ನೀವು ಮಾಡಿದ್ದು ಮೊದಲ ಚಿತ್ರ, ಹಿಂದೆಯೇ ಕೊನೆಯ ಚಿತ್ರ. ಇದು ಬಹಳ ಜನ ಮಾಡುವುದು, ಮತ್ತು ಬಹಳ ಅಪಾಯದ್ದು. ಮೂವತ್ತಾರು ವರ್ಷದ ಅಂತರವನ್ನು ಎರಡು ವಾರದಲ್ಲಿ ಹಾರಿದಂತಾಯಿತು. ಕೊನೆಯ ಚಿತ್ರ ಮೊದಲನೆಯದರ ಪಕ್ಕ ನಿಂತು ಸೋಲುವುದಕ್ಕೇ ಬಂದಂತಾಗುತ್ತದೆ. ಅದರ ಬದಲು ಕೊನೆಯ ಎರಡು ಮೂರು ಚಿತ್ರಗಳನ್ನು ಒಟ್ಟಿಗೆ ನೋಡುವುದು ನನಗೆ ಜಾಸ್ತಿ ಇಷ್ಟ. ‘ಗಣಶತ್ರು’, ‘ಶಾಖಾ ಪ್ರಶಾಖಾ’, ಆಮೇಲೆ ‘ಆಗಂತುಕ್’. ಕಷ್ಟ ಎಲ್ಲಿ ಶುರುವಾಯಿತು, ಅದನ್ನು ಹೇಗೆ ದಾಟಿದರು ಅಂತ ಕಾಣುತ್ತದೆ. ಆದರೆ ಮೊದಲ ಚಿತ್ರಕ್ಕೇ ಅರ್ಧ ಜನ ಬರುವುದನ್ನು ನಿಲ್ಲಿಸಬಹುದು, ಅದಕ್ಕೆ ತಯಾರಿರಿ.

ನಿರ್ದೇಶಕರ ಬದುಕಿನ ಕಥೆ ಮೊದಲೇ ಹೇಳಿ ಚಿತ್ರ ಹಾಕುವುದು ಇನ್ನೊಂದು ದಾರಿ. ಹೃದಯಾಘಾತ, ಆಸ್ಪತ್ರೆಯ ಹಾಸಿಗೆಯಲ್ಲೇ ಬಂದ ಆಸ್ಕರ್, ಇತ್ಯಾದಿ. ಜನ ಗಮನ ಕೊಟ್ಟು ನೋಡುತ್ತಾರೆ ನಿಜ. ಆದರೆ ಕರುಣೆಯಿಂದ ನೋಡುತ್ತಾರೆ. ಆಮೇಲೆ ಯಾರೂ ಬಾಯಿಬಿಟ್ಟು ಟೀಕೆ ಮಾಡುವುದಿಲ್ಲ. ಕಾಯಿಲೆಯ ವಿಚಾರವನ್ನು ಚಿತ್ರ ಮುಗಿದ ಮೇಲೆ ಹೇಳಿ. ಮೊದಲು ಹೇಳಬೇಕಾದ್ದು ಕಥೆ ಮಾತ್ರ, ಅದೂ ಮಾತು ಜಾಸ್ತಿ ಇರುವ ಚಿತ್ರವಾದರೆ. ಕಥೆ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವವರು ಇದ್ದೇ ಇರುತ್ತಾರೆ. ಪರವಾಗಿಲ್ಲ. ಸಬ್‌ಟೈಟಲ್ ಹಿಂದೆ ಓಡುವುದಕ್ಕಿಂತ ಅದು ಮೇಲು.

ಈಗ ನಿಮ್ಮ ಎರಡು ಚಿತ್ರಗಳು.

‘ಮಸಣದ ಹೂವು’ ಬೇರೆಯೇ ಲೆಕ್ಕ. ಪುಟ್ಟಣ್ಣ ಕಣಗಾಲ್ 1985ರ ಜೂನ್‌ನಲ್ಲಿ ತೀರಿಕೊಂಡಾಗ ಅವರಿಗೆ ಬರೀ ಐವತ್ತೊಂದು. ಚಿತ್ರ ಮುಗಿದಿರಲಿಲ್ಲ. ಅದನ್ನು ಪೂರ್ತಿ ಮಾಡಿದವರು ಕೆ.ಎಸ್.ಎಲ್. ಸ್ವಾಮಿ. ಅಂದರೆ ಇಲ್ಲಿ ಮುಪ್ಪಿನ ಮಾತೇ ಬರುವುದಿಲ್ಲ, ‘ಕೊನೆಯ ಸಂದೇಶ’ದ ಮಾತೂ ಬರುವುದಿಲ್ಲ. ತನ್ನ ಚಿತ್ರವನ್ನು ಪೂರ್ತಿಯಾಗಿ ನೋಡುವ ಅವಕಾಶವೇ ಅವರಿಗೆ ಸಿಗಲಿಲ್ಲ. ಸಂಕಲನದಲ್ಲಿ ಯಾವುದನ್ನು ಉಳಿಸುತ್ತಿದ್ದರು, ಯಾವುದನ್ನು ಕತ್ತರಿಸುತ್ತಿದ್ದರು ಅಂತ ಹೇಳುವಂತಿಲ್ಲ. ಹಾಗಾಗಿ ಇದನ್ನು ದೃಶ್ಯ ದೃಶ್ಯವಾಗಿ ನೋಡಿ, ಒಟ್ಟು ತೀರ್ಪು ಕೊಡಲು ಹೋಗಬೇಡಿ. ಜಯಂತಿ, ಅಂಬರೀಶ್ ಇದ್ದಾರೆ. ಅಪರ್ಣಾ ಅವರ ಮೊದಲ ಚಿತ್ರವೂ ಇದೇ. ‘ಕನ್ನಡ ನಾಡಿನ ಕರಾವಳಿ’ ಹಾಡು ಬಂದಾಗ ನಿಮ್ಮ ಮಂದಿ ಜೊತೆಗೇ ಹಾಡುತ್ತಾರೆ, ಹಾಡಲಿ ಬಿಡಿ. ಕೊನೆಯದು ಅನ್ನುವ ಲೆಕ್ಕವೂ ಇಲ್ಲಿ ಅಷ್ಟು ಸರಳ ಅಲ್ಲ. ಪುಟ್ಟಣ್ಣ ಬಹಳ ಹಿಂದೆ ಶುರುಮಾಡಿ ನಿಂತುಹೋಗಿದ್ದ ‘ಸಾವಿರ ಮೆಟ್ಟಿಲು’ ಚಿತ್ರವನ್ನೂ ಸ್ವಾಮಿಯವರೇ ಮುಗಿಸಿದರು. ಅದು ತೆರೆಗೆ ಬಂದದ್ದು 2006ರಲ್ಲಿ! ನನ್ನ ಸಲಹೆ ಏನೆಂದರೆ, ಪುಟ್ಟಣ್ಣ ಅಂದರೆ ನಿಮ್ಮವರು ಮೊದಲು ನೋಡಬೇಕಾದ್ದು 1973ರ ‘ಎಡಕಲ್ಲು ಗುಡ್ಡದ ಮೇಲೆ’. ಮೂಲ ಕಾದಂಬರಿ ನಿಮ್ಮ ಕೊಡಗಿನವರೇ ಆದ ಭಾರತೀಸುತ ಅವರದು. ಕಾದಂಬರಿ ಓದಿದವರು ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ. ನಿರ್ದೇಶಕ ಪೂರ್ತಿ ಹಿಡಿತದಲ್ಲಿದ್ದಾಗ ಏನು ಮಾಡುತ್ತಿದ್ದ ಅಂತ ಅದರಲ್ಲಿ ನೋಡಿಕೊಂಡರೆ, ‘ಮಸಣದ ಹೂವು’ನಲ್ಲಿ ಅವರ ಕೈ ಎಲ್ಲಿದೆ ಅಂತ ಸುಮಾರಾಗಿ ಗುರುತು ಹಿಡಿಯಬಹುದು.

‘ಮಾದದಯೊ’ ಹಾಕಿ, ಧಾರಾಳವಾಗಿ ಹಾಕಿ. 1993ರದು, ಕುರೋಸಾವ ಎಂಬತ್ತು ದಾಟಿದ ಮೇಲೆ ಮಾಡಿದ್ದು. ಕತ್ತಿ ಕಾಳಗದ ಕುರೋಸಾವ ಬೇಕು ಅಂದುಕೊಂಡು ಬಂದವರಿಗೆ ನಿರಾಸೆ ಗ್ಯಾರಂಟಿ. ಅದನ್ನು ಮೊದಲೇ ಹೇಳಿಬಿಡಿ. ಕಥೆ ಅನ್ನುವಂಥದ್ದು ಇಷ್ಟೆ: ಒಬ್ಬ ಮೇಷ್ಟ್ರು ಕೆಲಸ ಬಿಡುತ್ತಾರೆ, ಹಳೆಯ ವಿದ್ಯಾರ್ಥಿಗಳು ವರ್ಷವರ್ಷ ಅವರ ಹುಟ್ಟುಹಬ್ಬ ಮಾಡುತ್ತಾರೆ. ಕಣ್ಣಾಮುಚ್ಚಾಲೆ ಆಟದಲ್ಲಿ ಕೇಳುವ ಹಾಗೆ ‘ಆಯ್ತಾ?’ ಅಂತ ಕೂಗುತ್ತಾರೆ, ಮೇಷ್ಟ್ರು ‘ಇನ್ನೂ ಇಲ್ಲ’ ಅನ್ನುತ್ತಾರೆ. ನಡುವೆ ಬೆಕ್ಕು ಕಳೆದುಹೋಗುವ ಭಾಗ ಉದ್ದವಾಯಿತು ಅಂತ ನಿಮ್ಮವರು ಗೊಣಗುತ್ತಾರೆ. ನಾನೂ ಗೊಣಗುತ್ತೇನೆ. ಮೇಷ್ಟ್ರ ಹೆಂಡತಿಗೆ ಮಾತೇ ಇಲ್ಲ ಅನ್ನುವಷ್ಟು ಕಡಿಮೆ, ಅದನ್ನು ಹೆಂಗಸರು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಎತ್ತಲಿ. ಆದರೆ ಯುದ್ಧದಲ್ಲಿ ಮನೆ ಸುಟ್ಟುಹೋಗಿ, ಗಂಡ ಹೆಂಡತಿ ಒಂದು ಪುಟ್ಟ ಗುಡಿಸಲಿನಲ್ಲಿ ಕಾಲ ಕಳೆಯುವ ಭಾಗ ಬರುತ್ತದೆ. ಒಂದು ಮಾತಿಲ್ಲದೆ ಋತುಗಳು ಬದಲಾಗುತ್ತವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡವರು ನಿಮ್ಮ ಪ್ರೇಕ್ಷಕರಲ್ಲಿ ಇದ್ದರೆ, ಅವರಿಗೆ ಇದನ್ನು ಮೊದಲೇ ತಿಳಿಸಿಡುವುದು ಒಳ್ಳೆಯದು.

ಕ್ರಮ ಹೀಗಿರಲಿ: ಮೊದಲು ‘ಮಾದದಯೊ’, ಮುಂದಿನ ಸಲ ‘ಎಡಕಲ್ಲು ಗುಡ್ಡದ ಮೇಲೆ’, ಅದಾದ ಮೇಲೆ ‘ಮಸಣದ ಹೂವು’. ‘ಆಗಂತುಕ್’ನ ವಕೀಲನ ದೃಶ್ಯವನ್ನು ಯಾವುದಾದರೂ ದಿನ ಮುಖ್ಯ ಚಿತ್ರಕ್ಕೆ ಮೊದಲು ಹಾಕಿ. ಇನ್ವರ್ಟರ್ ಚಾರ್ಜ್ ಉಳಿದಿದ್ದರೆ ಸಾಕು.